ಊಟದ ನಡುವೆ ಎದ್ದವನು

“ಮೂರನೇ ಸಾಲಿನ ಕೆಂಪು ಸ್ವೆಟರ್... ನೀವು ಹಾಡ್ತಾ ಇಲ್ಲ. ಬರೀ ಬಾಯಿ ಆಡಿಸ್ತಾ ಇದ್ದೀರಿ.”

ಬ್ರನೋದ ಬಟ್ಟೆ ಗಿರಣಿಯ ಗಾಯನ ತಂಡದ ಅಷ್ಟೂ ಬಾಯಿಗಳು ಒಮ್ಮೆಗೇ ಮುಚ್ಚಿದವು. ರೂಜೆನಾಳ ಕಿವಿ ಎಷ್ಟು ಕೆಂಪಾಯಿತೆಂದರೆ, ಆ ಕಾವಿಗೆ ಪಕ್ಕದವಳ ಕನ್ನಡಕ ಮಂಜಾಯಿತು.

“ಗಂಟಲು ಕೆಟ್ಟಿದೆ, ಮೇಷ್ಟ್ರೇ.”

“ಹಾಗಾದ್ರೆ ಮನೇಲಿ ಮಲಗಬೇಕಿತ್ತು.”

‘ಮಲಗಿದ್ರೆ ನಿಮ್ಮನ್ನ ನೋಡೋದು ಹೇಗೆ...’ ಎಂದು ಅವಳು ತುಟಿಯೊಳಗೇ ಗೊಣಗಿದಳು. ಆದರೆ ಸಂಗೀತಗಾರ ಒತಾಕರ್ ವಾವ್ರಿನ್‌ನದು ಎಂಥ ಕಿವಿ! ಎರಡು ಬೀದಿ ಆಚೆ ಸೂಜಿ ಬಿದ್ದರೂ ಅದು ಯಾವ ಸ್ವರದಲ್ಲಿ ಬಿತ್ತೆಂದು ಹೇಳಬಲ್ಲವನು. ಅವನ ಕೈಯಲ್ಲಿದ್ದ ಕೋಲು ಗಾಳಿಯಲ್ಲೇ ನಿಂತಿತು. ಆಮೇಲೆ ಆ ಸಂಜೆಯೆಲ್ಲ ಅವನು ತಾಳ ತಪ್ಪುತ್ತಲೇ ಇದ್ದ.

ಮದುವೆಯ ಮಾತಾದಾಗ ಅವಳಿಗೆಂದೇ ಅವನೊಂದು ಸಿಳ್ಳೆ ಕಟ್ಟಿದ. ನಾಲ್ಕೇ ಸ್ವರ. ಕೊನೆಯದು ಪ್ರಶ್ನೆಯಂತೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅದನ್ನು ಅವಳ ಮನೆಯ ಮೆಟ್ಟಿಲ ಮೇಲೆ ನಿಂತು ಹೊಡೆಯುತ್ತಿದ್ದ.

“ಮುಗಿದೇ ಇಲ್ವಲ್ಲ ಇದು?”

“ಐದನೇ ಸ್ವರ ನಿಂದು, ರೂಜಾ. ನೀನು ಅಗುಳಿ ತೆಗೆಯೋ ಸದ್ದು.”

ಅರವತ್ತೆಂಟರ ವಸಂತ ಬಂತು. ಸರ್ಕಾರದ ಹಿಡಿತ ಸಡಿಲಾಗಿ ದೇಶಕ್ಕೆ ದೇಶವೇ ಬಾಯಿ ಬಿಟ್ಟು ಮಾತಾಡಿತು. ಒತಾಕರ್ ಪಿಯಾನೋ ಬಿಟ್ಟು ವೇದಿಕೆ ಹತ್ತಿದ. ಅವನು ಭಾಷಣ ಶುರುಮಾಡಿದರೆ ಚೌಕದ ಪಾರಿವಾಳಗಳೂ ಕಾಳು ಮರೆತು ಕೇಳುತ್ತಿದ್ದವು. ಸುಳ್ಳಾದರೆ ಬ್ರನೋದ ಬಿಯರೆಲ್ಲ ನೀರಾಗಲಿ. ಆಗಸ್ಟಿನಲ್ಲಿ ಪರದೇಶದ ಟ್ಯಾಂಕುಗಳು ಬಂದವು. ಅವನು ಅವುಗಳ ಮುಂದೆ ನಿಂತು ಗಿರಣಿಯವರಿಂದ ಹಾಡಿಸಿದ. ಆಮೇಲೆ ರೇಡಿಯೋ ಅವನ ಹೆಸರು ಮರೆಯಿತು. ಅವನ ಹಾಡುಗಳು ಒಂದೊಂದಾಗಿ ಮಾಯವಾದವು.

ಮರುವರ್ಷ, ಕ್ರಿಸ್‌ಮಸ್ ಹಿಂದಿನ ಸಂಜೆ, ರೂಜೆನಾಳ ಅಮ್ಮ ಅವನನ್ನು ಊಟಕ್ಕೆ ಕರೆದಳು.

ಮೊದಲ ನಕ್ಷತ್ರ ಕಂಡ ಮೇಲೆ ಕೂತವರು ಊಟ ಮುಗಿಯುವ ತನಕ ಏಳುವಂತಿಲ್ಲ. ಎದ್ದವರು ಮುಂದಿನ ಕ್ರಿಸ್‌ಮಸ್ ನೋಡಲು ಬದುಕಿರುವುದಿಲ್ಲ ಎಂಬ ನಂಬಿಕೆ. ಅದಕ್ಕೇ ಅಮ್ಮ ಮೀನಿನ ಸಾರು, ಕರಿದ ಮೀನು, ಆಲೂಗಡ್ಡೆ ಎಲ್ಲವನ್ನೂ ಮೇಜಿನ ಮೇಲೇ ಪೇರಿಸಿದ್ದಳು. ಆದರೆ ಒತಾಕರ್‌ನ ಅಪ್ಪ ರೈಲ್ವೆ ಕಾರ್ಮಿಕ ಸಂಘದ ಮುಖಂಡ. ದೇವರ ಜೊತೆಗೆ ಹಬ್ಬವನ್ನೂ ಮನೆಯಿಂದ ಓಡಿಸಿದ್ದವನು. ಮಗನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ... ಗೊತ್ತಿಲ್ಲದವರು ಇರಬಹುದೆಂದು ಯಾರಿಗೆ ಹೊಳೆಯಬೇಕು?

ಬಾಗಿಲು ಬಡಿದ ಸದ್ದಾಯಿತು.

“ನಾನ್ ನೋಡ್ತೀನಿ,” ಎಂದು ಒತಾಕರ್ ಎದ್ದ.

ಅಮ್ಮನ ಚಮಚ ತಟ್ಟೆಗೆ ಬಿತ್ತು. ಬಾಗಿಲಲ್ಲಿ ಉದ್ದ ಕೋಟಿನ ಇಬ್ಬರು ನಿಂತಿದ್ದರು. “ಸ್ವಲ್ಪ ಮಾತಾಡೋದಿದೆ, ವಾವ್ರಿನ್. ಕೋಟ್ ಹಾಕ್ಕೊಳ್ಳಿ.”

ರೂಜೆನಾ ಕುರ್ಚಿಯಿಂದ ಅರ್ಧ ಎದ್ದಳು. ಅಮ್ಮನ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. “ಕೂತ್ಕೋ. ಹೋಗೋದು ಒಬ್ರು ಸಾಕು.”

ಅವಳು ಕೂತಳು.

ಒತಾಕರ್ ತಿರುಗಿ ನೋಡಿದ. ಕೂತಿದ್ದ ಅವಳನ್ನು ನೋಡಿದ. ಆಮೇಲೆ ಮೆಟ್ಟಿಲಿಳಿದ.

ವರ್ಷ ತುಂಬುವ ಮೊದಲೇ ಜೈಲಿನ ಕಡೆಯಿಂದ ಗಾಳಿಮಾತು ಬಂತು: ವಾವ್ರಿನ್ ತೀರಿಕೊಂಡನಂತೆ. “ನಾನ್ ಹೇಳ್ಲಿಲ್ವಾ?” ಎಂದಳು ಅಮ್ಮ. ರೂಜೆನಾ ಹಾಡುವುದನ್ನೇ ಬಿಟ್ಟಳು.

ಒಂದೆರಡು ವರ್ಷ ಕಳೆದವು. ಕ್ರಿಸ್‌ಮಸ್ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಸಿಳ್ಳೆ ಕೇಳಿಸಿತು.

ನಾಲ್ಕೇ ಸ್ವರ.

ಬಿಸಿ ಸಾರು ಬಟ್ಟಲಲ್ಲೇ ಹೆಪ್ಪುಗಟ್ಟಿತು. ಗೋಡೆ ಗಡಿಯಾರ ಹೆದರಿ ಹಿಂದಕ್ಕೆ ನಡೆಯಿತು.

“ಸತ್ತೋರಿಗೆ ಬಾಗಿಲು ತೆಗೀಬಾರ್ದು, ಪುಟ್ಟಿ. ಸಾರು ಕುಡಿ.”

ಅಂದಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಸಿಳ್ಳೆ ಬಂತು. ಅಮ್ಮ ಅವನಿಗೊಂದು ಖಾಲಿ ತಟ್ಟೆ ಇಡತೊಡಗಿದಳು. ರೂಜೆನಾ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಇಳಿದುಹೋಗುವ ಹೆಜ್ಜೆಗಳನ್ನು ಎಣಿಸುತ್ತಿದ್ದಳು. ‘ನಾನು ಏಳ್ಲಿಲ್ಲ ಅಂತ ಕಾಡ್ತಿದ್ದಾರೆ...’ ಮದುವೆ ಕೇಳಿ ಬಂದವರನ್ನೆಲ್ಲ ವಾಪಸು ಕಳಿಸಿದಳು. ತಲೆಗೂದಲು ಬೆಳ್ಳಗಾಯಿತು.

ಎಂಬತ್ತೊಂಬತ್ತರ ನವೆಂಬರ್. ಆಳುವವರಿಗೆ ‘ನಿಮ್ಮ ಕಾಲ ಮುಗಿಯಿತು’ ಎಂದು ಸಾರಲು ಚೌಕದಲ್ಲಿ ಊರಿಗೆ ಊರೇ ಕೀಲಿಗೊಂಚಲು ಅಲ್ಲಾಡಿಸುತ್ತಿತ್ತು. ಆ ಸದ್ದಿಗೆ ವಿಯೆನ್ನಾದಲ್ಲಿ ಮಲಗಿದ್ದ ಕೂಸುಗಳೂ ಎದ್ದವಂತೆ. ರೂಜೆನಾಳೂ ತನ್ನ ಕೀಲಿ ಎತ್ತಿದ್ದಳು. ವೇದಿಕೆಗೆ ಬಿಳಿಗೂದಲಿನವನೊಬ್ಬ ಬಂದು ಕೈ ಎತ್ತಿದ. ಜನಸಾಗರ ಹಾಡತೊಡಗಿತು. ಆ ಕೈ... ಆ ಭುಜ...

“ಅವರು ಸತ್ತಿದ್ರಲ್ಲ?” ಅವಳು ಎತ್ತಿದ್ದ ಕೀಲಿ ಕೆಳಗಿಳಿಯಿತು.

“ಯಾರು, ವಾವ್ರಿನ್ನಾ?” ಪಕ್ಕದ ಹೆಂಗಸು ನಕ್ಕಳು. “ಬಿಡ್ತು ಅನ್ನಿ ತಾಯಿ! ಜೈಲಿಂದ ಬಂದ್ಮೇಲೆ ಒಸ್ತ್ರಾವಾದಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ತುಂಬ್ತಿದ್ರು. ಈಗ ಸಂಸತ್ತಿಗೇ ಕಳಿಸ್ತೀವಿ.”

ರೂಜೆನಾ ಅವನನ್ನು ಕೂಗಲಿಲ್ಲ. ‘ಬದುಕಿದ್ರು. ಬದುಕಿದ್ದೂ ಬರ್ಲಿಲ್ಲ...’ ಸತ್ತವನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಬದುಕಿದವನಿಗಾಗಿ ಅತ್ತಳು.

ಕ್ರಿಸ್‌ಮಸ್ ಹಿಂದಿನ ಸಂಜೆ. ಮೊದಲ ನಕ್ಷತ್ರ ಮೂಡಿತು. ತಾಯಿ, ಮಗಳು, ಖಾಲಿ ತಟ್ಟೆ.

ಮೆಟ್ಟಿಲ ಮೇಲೆ ಸಿಳ್ಳೆ ಕೇಳಿಸಿತು.

“ಕುಡಿ, ಪುಟ್ಟಿ. ಅವನು ಹೋಗ್ತಾನೆ.”

“ಅಮ್ಮ... ಅವರು ಸತ್ತೇ ಇಲ್ಲ.”

“ಮತ್ತೆ ಇಷ್ಟು ವರ್ಷ ಸಿಳ್ಳೆ ಹೊಡೆದೋರು ಯಾರೇ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಬಂದಿದ್ದ... ಪ್ರತಿ ವರ್ಷವೂ ಬಂದಿದ್ದ!

ಹೊರಗೆ ಹೆಜ್ಜೆ ಇಳಿಯತೊಡಗಿತು.

ಅವಳು ಎದ್ದಳು. ಅಮ್ಮನ ಕೈ ಮತ್ತೆ ಮಣಿಕಟ್ಟಿಗೆ ಬಂತು. “ಎದ್ದೋರು ಉಳಿಯಲ್ಲ ಕಣೇ...”

“ಕೂತೋರು ನಾವು ಉಳಿದ್ವಾ, ಅಮ್ಮ?”

ಆ ಕೈ ಸಡಿಲವಾಯಿತು.

ಅಗುಳಿ ಸರಿಯಿತು. ಕೆಳಗಿನ ತಿರುವಿನಲ್ಲಿ ಹೆಜ್ಜೆ ನಿಂತಿತು.

“ಐದನೇದು,” ಎಂದ ಒತಾಕರ್, ತಿರುಗದೆಯೇ.

“ತಟ್ಟಬಹುದಿತ್ತಲ್ಲ...”

“ನನ್ನ ಬೆನ್ನ ಹಿಂದೆ ಯಾವಾಗ್ಲೂ ಉದ್ದ ಕೋಟಿನ ಇಬ್ರು ಇರ್ತಿದ್ರು, ರೂಜಾ. ತಟ್ಟಿದ್ರೆ ನಿನ್ನನ್ನೂ ಬಿಡ್ತಿರ್ಲಿಲ್ಲ. ಅದೂ ಅಲ್ದೆ... ಆವತ್ತು ನೀನು ಏಳ್ಲಿಲ್ಲ. ನನ್ನ ಬಿಟ್ಕೊಟ್ಟೆ ಅಂದ್ಕೊಂಡೆ. ವರ್ಷಕ್ಕೊಂದ್ಸಲ ಸಿಳ್ಳೇಲೇ ಕೇಳಿ ಹೋಗ್ತಿದ್ದೆ.”

“ಊಟದ ಮಧ್ಯೆ ಎದ್ದೋರು ಸಾಯ್ತಾರೆ ಅಂತ...”

“ಯಾರಂದಿದ್ದು?”

“ಇಡೀ ದೇಶ.”

ಅವನು ಗೋಡೆಗೆ ಒರಗಿದ. ನಗುವೋ ಅಳುವೋ ಗೊತ್ತಾಗಲಿಲ್ಲ. “ನಮ್ಮಪ್ಪ ಮುಷ್ಕರ ಮಾಡೋದು ಕಲಿಸಿದ್ರು. ಇದೊಂದು ಕಲಿಸ್ಲಿಲ್ಲ.”

ಅವಳು ಇಳಿದು ಬಂದು ಅವನ ಕೆನ್ನೆ ಮುಟ್ಟಿದಳು. ಮಂಜಿನಂತೆ ಕೊರೆಯಿತು; ಕೈ ತಾನಾಗಿ ಹಿಂದೆ ಸರಿಯಿತು.

“ನಿಜವಾಗ್ಲೂ ಬದುಕಿದ್ದೀರಾ?”

“ಇಷ್ಟು ವರ್ಷ ಮೆಟ್ಟಿಲ ಮೇಲೆ ನಿಂತೋನು ಬೆಚ್ಚಗಿರ್ತಾನಾ?” ಅವನು ಆ ಕೈಯನ್ನು ಹಿಡಿದ. “ಈಗ ನೀನು ಎದ್ದಿದ್ದೀಯಲ್ಲ... ನಿನಗೆ ಇನ್ನೊಂದೇ ವರ್ಷನಾ?”

“ಇರಬಹುದು.”

“ಹೆದ್ರಿಕೆ ಆಗಲ್ವಾ?”

“ಆಗುತ್ತೆ. ಅದಕ್ಕೇ ಕೈ ಬಿಡ್ಬೇಡಿ.”

ಒಳಗಿನಿಂದ ಅಮ್ಮನ ದನಿ ಬಂತು: “ಮೇಷ್ಟ್ರೇ, ನಿಮ್ ತಟ್ಟೆ ಕಾಯ್ತಿದೆ. ಬಂದು ಕೂತ್ಕೊಳ್ಳಿ. ಈ ಸಲ ಯಾರು ತಟ್ಟಿದ್ರೂ ಏಳ್ಬೇಡಿ.”