ಕಾವಲಿಗೆ ಎಣ್ಣೆ ಜಾಸ್ತಿಯಾದ ಮಧ್ಯಾಹ್ನ

"ಭಾನುವಾರ ನನ್ನನ್ನು ನೋಡ್ಲಿಕ್ಕೆ ಬರ್ತಾರಂತೆ. ಹುಡುಗ ಪುಣೆಯವ," ಎಂದಳು ಯಕ್ಷಿತಾ.

"ಓ, ಒಳ್ಳೇದಾಯ್ತಲ್ಲ ಟೀಚರ್," ಎಂದ ಸಂದೀಪ.

ಅವಳು ಕಾದಿದ್ದ ಮಾತು ಇದಲ್ಲ. ಘಾಟ್ಕೋಪರ್ ಸ್ಟೇಷನ್ ಪಕ್ಕದಲ್ಲಿ ಅವನ ಮಾವನ ಹೋಟೆಲು, ಅದರ ಮಹಡಿಯಲ್ಲಿ ಅವಳು ಫಿಸಿಕ್ಸ್ ಕಲಿಸುವ ಕ್ಲಾಸು. ದಿನಾ ಸಂಜೆ ಚಹಾ ಕೊಡುವ ನೆಪದಲ್ಲಿ ಮೆಟ್ಟಿಲು ಹತ್ತುತ್ತಿದ್ದ ಮಹರಾಯ, ಕಣ್ಣಿಗೆ ಕಣ್ಣು ಸೇರಿದರೆ ಕಿವಿಯವರೆಗೆ ಕೆಂಪಾಗುತ್ತಿದ್ದ. ಬಾಯಿ ಬಿಟ್ಟರೆ ಮಾತ್ರ ಬರೀ ಹೌದು. ಮಳೆ ಬರುತ್ತದೆ ಎಂದರೂ ಹೌದು, ಬರುವುದಿಲ್ಲ ಎಂದರೂ ಹೌದು! ಗಿರಾಕಿಗಳನ್ನು ನಗಿಸುತ್ತ ಬೆಳೆದವನಿಗೆ ಇಲ್ಲ ಎನ್ನಲು ನಾಲಿಗೆಯೇ ಏಳುತ್ತಿರಲಿಲ್ಲ.

ಊಟದ ಹೊತ್ತು ಮುಗಿದು ಹೋಟೆಲಿನ ಅಡುಗೆಮನೆ ಖಾಲಿಯಿತ್ತು. ಮಕ್ಕಳಿಗೆ ಫ್ರಿಕ್ಷನ್ ಪಾಠಕ್ಕೆ ದೋಸೆಯ ವಿಡಿಯೋ ಮಾಡಬೇಕೆಂದು ಅವಳು ಬಂದಿದ್ದಳು. ಸಿಟ್ಟಿನಲ್ಲಿ ಕಾವಲಿಗೆ ಧಾರಾಳವಾಗಿ ಎಣ್ಣೆ ಸುರಿದಳು.

"ಜಾಸ್ತಿ ಆಯ್ತಾ?"

"ಸರಿ ಉಂಟು, ಸರಿ ಉಂಟು."

ಹಿಟ್ಟು ಹಾಕಿ ಸೌಟು ತಿರುಗಿಸಿದರೆ, ಹಿಟ್ಟೆಲ್ಲ ಜಾರಿ ಸೌಟಿನ ಹಿಂದೆಯೇ ಬಂತು. ಸಂದೀಪ ತುಟಿ ಕಚ್ಚಿಕೊಂಡ.

"ನಿಮಗೆ ಗೊತ್ತಿತ್ತಲ್ಲ?"

"ಹೌದು... ನಿಮಗೆ ಬೇಜಾರಾದೀತು ಅಂತ..."

"ಅರೆ ಯಾರ್! ಸ್ವಲ್ಪ ತಡೆದು ಹಿಡಿದ್ರೇ ಹಿಟ್ಟು ನಿಲ್ಲುದು. ಅದೇ ಫ್ರಿಕ್ಷನ್. ಅದಿಲ್ಲದಿದ್ರೆ ನಡೀಲಿಕ್ಕೂ ಆಗುದಿಲ್ಲ, ಜಾರ್ತೇವೆ. ನಾನು ಪುಣೆಗೆ ಜಾರಿ ಹೋಗ್ತೇನೆ, ನೀವು ಹೌದು ಹೌದು ಅಂತ ನಿಂತಿರಿ!"

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಸಂದೀಪ ಕಾವಲಿಯನ್ನು ಕೆರೆದು ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿದ. ಅವಳ ಕೈಗೆ ಸೌಟು ಕೊಟ್ಟು, ಆ ಕೈಯನ್ನು ಮೆಲ್ಲಗೆ ಹಿಡಿದು ತಿರುಗಿಸಿದ. ಈ ಸಲ ಹಿಟ್ಟು ಕಾವಲಿಗೆ ಹಿಡಿದು ದುಂಡಗೆ ಹರಡಿತು.

"ಇದನ್ನೂ ಪಾಠದಲ್ಲಿ ಹೇಳ್ತೀರಾ?" ಕೈ ಬಿಡದೆ ಕೇಳಿದ.

"ಹೇಳ್ತೇನೆ. ತಳ್ಳಿದ್ರೂ, ಎಳೆದ್ರೂ, ಉಜ್ಜಿದ್ರೂ ಎಲ್ಲ ಕಾಂಟ್ಯಾಕ್ಟ್ ಫೋರ್ಸೇ. ಮುಟ್ಟದೆ ಇವು ಯಾವುದೂ ಆಗುದಿಲ್ಲ," ಎಂದಳು ತಲೆಯೆತ್ತದೆ. "ಹಾಗಾದ್ರೆ ಭಾನುವಾರ ಅವರು ಬರ್ಲಿ ಅಲ್ವಾ?"

"ಬೇಡ."

ಯಕ್ಷಿತಾ ತಟ್ಟನೆ ತಿರುಗಿ ನೋಡಿದಳು.

"ಬೇಡ ಅಂದೆ. ನಾನು ಮಾವನನ್ನು ಕರ್ಕೊಂಡು ನಿಮ್ಮಲ್ಲಿಗೆ ಬರ್ತೇನೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ದೋಸೆಯ ಅಂಚು ಕಪ್ಪಗಾಗುತ್ತಿತ್ತು.

"ಸೀದು ಹೋಗ್ತಾ ಉಂಟು ಮಾರಾಯ್ರೆ, ಕೈ ಬಿಡಿ."

"ಇಲ್ಲ," ಎಂದ ಸಂದೀಪ.