ಒಂಬತ್ತು ಆದಮೇಲೆ

ಡಬ್ಬಿಯ ತಳದಲ್ಲಿರುವ ಆ ಹಳೇ ವಿಮೆ ಕಾರ್ಡು ಕೈಗೆ ಸಿಕ್ಕಾಗಲೆಲ್ಲ ಫಾರ್ಮಸಿಸ್ಟ್‌ಗೆ ಸರ್ಕಾರಿ ಆಸ್ಪತ್ರೆಯ ಮೂರನೇ ಕಿಟಕಿ ನೆನಪಾಗುತ್ತದೆ. ಅವನ ತಲೆ ಪೂರ್ತಿ ನರೆತಿದೆ. ಆ ಕಿಟಕಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ತಿಂಗಳಿಗೊಮ್ಮೆ ಆ ಕಿಟಕಿಗೆ ಟೈಲರ್ ಅಂಗಡಿಯ ಹುಡುಗಿ ಬರುತ್ತಿದ್ದಳು. ಬಟ್ಟೆಯ ಧೂಳು ಅವಳ ಉಬ್ಬಸಕ್ಕೆ ಆಗಿಬರುತ್ತಿರಲಿಲ್ಲ. ವಿಮೆಯಲ್ಲಿ ಇನ್ಹೇಲರ್ ಕೊಡುವ ಮೊದಲು ರೋಗಿ ಖಾಲಿ ಇನ್ಹೇಲರ್ ಬಳಸಿ ತೋರಿಸಬೇಕು, ಅದು ಹೇಗಿತ್ತೆಂದು ಫಾರ್ಮಸಿಸ್ಟ್ ಕಾರ್ಡಿನಲ್ಲಿ ಬರೆಯಬೇಕು. ನಿಯಮ ಹಾಗಿತ್ತು.

ಅವಳಿಗೋ, ಅದು ಬರುತ್ತಲೇ ಇರಲಿಲ್ಲ. ಉಸಿರು ಬಿಡುವಾಗ ಒತ್ತುವಳು. ಒಮ್ಮೆಯಂತೂ ತಲೆಕೆಳಗಾಗಿ ಹಿಡಿದಿದ್ದಳು.

"ಅಲ್ಲ ಮೇಡಂ, ಸೂಜಿಗೆ ದಾರ ಪೋಣಿಸೋ ಕೈ ಇದು. ಇಷ್ಟು ಬರಲ್ವಾ?"

"ಸೂಜಿ ನನ್ನ ಮಾತು ಕೇಳುತ್ತೆ. ಇದು ನಿಮ್ಮ ಮಾತು ಮಾತ್ರ ಕೇಳುತ್ತೆ. ಇನ್ನೊಂದ್ಸಲ ತೋರಿಸಿ ಸರ್."

ಅವನು ತೋರಿಸುವನು. ಅವಳು ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿಕೊಂಡು, ನೆಟ್ಟಗೆ ಅವನ ಕಣ್ಣನ್ನೇ ನೋಡುವಳು. ಅವನು ಹತ್ತರವರೆಗೆ ಎಣಿಸುವನು; ಅಷ್ಟು ಹೊತ್ತು ಉಸಿರು ಹಿಡಿದರೇ ಔಷಧಿ ಎದೆಗಿಳಿಯುವುದು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಕಣಪ್ಪ. ನನ್ನ ಮಂಡಿ ನೋಯ್ತಿದೆ," ಎಂದು ಹಿಂದೆ ನಿಂತ ಅಜ್ಜ ಗೊಣಗುವನು. ಫಾರ್ಮಸಿಸ್ಟ್ ಕಾರ್ಡಿನಲ್ಲಿ 'ಬಳಕೆ ಸರಿಯಿಲ್ಲ' ಎಂದು ಬರೆದು, ಇನ್ಹೇಲರ್ ಕೊಟ್ಟು, ಅವಳು ಮತ್ತೆ ಬರುವ ದಿನಕ್ಕೆ ಕಾಯುತ್ತಾ ಕೂರುವನು.

ಆರನೇ ತಿಂಗಳು ಅವಳು ಬಂದಾಗ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು. ಹಳೇ ಔಷಧಿ ಸಾಲದು, ಬೇರೆ ಇನ್ಹೇಲರ್ ಮಂಜೂರು ಮಾಡಿ ಎಂದು ಡಾಕ್ಟರ್ ವಿಮಾ ಕಚೇರಿಗೆ ಬರೆದಿದ್ದರು. ಅರ್ಜಿ ವಾಪಸ್ ಬಂದಿತ್ತು. ಕಾರಣವನ್ನು ಅವನು ಎರಡು ಸಲ ಓದಿದ.

"ರೋಗಿಗೆ ಬಳಸೋಕೇ ಬರಲ್ಲ, ಮೊದಲು ಕಲಿಸಿ ಅಂತ ಬರೆದಿದ್ದಾರೆ. ನಾನು ಕಾರ್ಡಲ್ಲಿ ಬರೆದದ್ದನ್ನ ನೋಡಿಯೇ!"

ಅವಳು ತಲೆ ತಗ್ಗಿಸಿದಳು. ಆಮೇಲೆ ಖಾಲಿ ಇನ್ಹೇಲರ್ ಎತ್ತಿ, ಕುಲುಕಿ, ಉಸಿರು ಬಿಟ್ಟು, ತುಟಿ ಬಿಗಿದು, ಒತ್ತುತ್ತಾ ನಿಧಾನವಾಗಿ ಎಳೆದಳು. ನೀರು ಕುಡಿದಷ್ಟು ಸಲೀಸಾಗಿತ್ತು.

"ಎಂಟು ವರ್ಷದಿಂದ ಬರುತ್ತೆ," ಎಂದಳು.

ಅವನಿಗೆ ಸಿಟ್ಟು ಬಂತು, ಅಳುವೂ ಬಂತು. "ತಲೆ ಕೆಟ್ಟಿದೆಯಾ ನಿಮಗೆ? ಹುಡುಗಾಟಕ್ಕೆ ಉಸಿರೇ ಬೇಕಿತ್ತಾ?"

"ಬರುತ್ತೆ ಅಂದಿದ್ರೆ ಔಷಧಿ ಕೊಟ್ಟು 'ಮುಂದಿನವರು ಬನ್ನಿ' ಅಂತಿದ್ರಿ."

ಅವಳನ್ನು ಡಾಕ್ಟರ್ ಹತ್ತಿರ ಕೂರಿಸಿ, ಕಾರ್ಡಿನಲ್ಲಿ 'ಬಳಕೆ ಸರಿಯಿದೆ' ಎಂದು ಬರೆದು, ಕಿಟಕಿ ಮುಚ್ಚಿ, ಅವನೇ ಅರ್ಜಿ ಹಿಡಿದು ಕಚೇರಿಗೆ ಓಡಿದ. ಮಂಜೂರಾಗುವವರೆಗೆ ಅಲ್ಲಿಂದ ಏಳಲಿಲ್ಲ. ಸಂಜೆ ಹೊಸ ಇನ್ಹೇಲರ್ ಕೈಗಿಟ್ಟಾಗ ಅವಳ ಮುಖ ಬಾಡಿತ್ತು.

"ಪಾಠ ಮುಗೀತು, ಅಲ್ವಾ ಸರ್?"

"ಮುಗೀತು. ಆದ್ರೆ ಎಣಿಸೋಕೆ ಒಬ್ಬರು ಬೇಕಲ್ಲ. ದಿನಾ... ನಮ್ಮನೇಲಿ... ನಾನೇ ಎಣಿಸ್ಲಾ?"

ಅವಳು ಅವನನ್ನೇ ನೋಡಿದಳು. ಆಮೇಲೆ ನಕ್ಕಳು. "ಎಣಿಸಿ. ಆದ್ರೆ ಸರಿಯಾಗಿ ಎಣಿಸಿ. ಒಂಬತ್ತು ಆದಮೇಲೆ ಹತ್ತು ಹೇಳೋಕೆ ನೀವು ಎಷ್ಟು ಹೊತ್ತು ಮಾಡ್ತಿದ್ರಿ ಅಂತ ನನಗೆ ಗೊತ್ತಿಲ್ವಾ?"

ಈಗಲೂ ಬೆಳಿಗ್ಗೆ ಅಡುಗೆಮನೆಯಲ್ಲಿ ಅವನು ಎಣಿಸುತ್ತಾನೆ. ಒಂಬತ್ತಕ್ಕೆ ಬಂದು ಸುಮ್ಮನೆ ನಿಲ್ಲುತ್ತಾನೆ. ಕೆನ್ನೆ ಉಬ್ಬಿಸಿಕೊಂಡ ಮುದುಕಿ ಅವನ ತೋಳಿಗೊಂದು ಗುದ್ದುತ್ತಾಳೆ.

"ಹತ್ತು," ಎನ್ನುತ್ತಾನೆ.