ವಿಭೂತಿ ಹಚ್ಚಿದ ಬೀಗದ ಕೈ

"ಮೃತ್ಯುಂಜಯನ ಮನೆ ಇದೇ ಅಲ್ವಾ?"

ಬಾಗಿಲು ತೆರೆದ ಧನುಶ್ರೀಯ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಎರಡು ವರ್ಷಗಳಿಂದ ಈ ಮನೆಯಲ್ಲಿ ಯಾರೂ ಆ ಹೆಸರನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಅತ್ತೆ 'ಅವನು' ಅನ್ನುತ್ತಿದ್ದರು. ಇವಳು ಏನೂ ಅನ್ನುತ್ತಿರಲಿಲ್ಲ.

ಹೊರಗೆ ನಿಂತವನು ತಲೆ ತಗ್ಗಿಸಿದ.

"ಕ್ಷಮಿಸಿ ಅತ್ತಿಗೆ... ನಾನು ಯೋಗೇಂದ್ರ. ದುಬೈನಲ್ಲಿ ಅವನ ಜೊತೆ ಇದ್ದವನು."

ಮುಖ ಹೊಸದು. ದನಿ ಮಾತ್ರ ಅವಳಿಗೆ ಗೊತ್ತಿತ್ತು. 'ಅತ್ತಿಗೆ, ನಿಮ್ಮ ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?' ಎಂದು ಆ ದಿನ ಫೋನಿನಲ್ಲಿ ಕೇಳಿದ್ದ ದನಿ ಅದು.

ಆ ಪ್ರಶ್ನೆಯ ನಂತರ ಅವನು ಹೇಳಿದ್ದು ಒಂದೇ ಮಾತು. ಆಮೇಲೆ ಅವಳಿಗೆ ಅಳು ಬರಲಿಲ್ಲ. ಇಂದಿನವರೆಗೂ ಬಂದಿಲ್ಲ.

"ಒಳಗೆ ಬನ್ನಿ," ಅಂದಳು.

ಯೋಗೇಂದ್ರ ಜೇಬಿನಿಂದ ಒಂದು ಬಿಳಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಅತ್ತೆ ದಾಕ್ಷಾಯಣಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಎಟಿಎಂ ಕಾರ್ಡೇನಪ್ಪಾ ಇದು?"

"ಬೀಗದ ಕೈ ಅಮ್ಮ, ಬಾಗಿಲಿಗೆ ತೋರಿಸಿದ್ರೆ ತೆರ್ಕೊಳ್ಳುತ್ತೆ. ನಾವಿಬ್ರೂ ಸೇರಿ ತಗೊಂಡಿದ್ದ ಫ್ಲಾಟ್‌ದು. ಈಗ ಕಟ್ಟಿ ಮುಗೀತು. ಅರ್ಧ ಅತ್ತಿಗೇದು."

"ಅಲ್ಲಿ ನಮ್ಮಂಥೋರಿಗೂ ಮನೆ ಕೊಡ್ತಾರಾ?"

"ಕೆಲವು ಕಡೆ ಕೊಡ್ತಾರಮ್ಮ. ಮನೆ ನಮ್ಮದಾಗುತ್ತೆ. ಊರು ನಮ್ಮದಾಗಲ್ಲ, ಅಷ್ಟೇ."

ಧನುಶ್ರೀಗೆ ಗಂಡನ ಮಾತು ನೆನಪಾಯಿತು. 'ಅಲ್ಲಿ ಮನೆ ತಗೊಳ್ಳೋದೇ ಇಲ್ಲಿಗೆ ಬರೋಕೆ ಕಣೇ. ತಿಂಗಳಾ ತಿಂಗಳಾ ಬಾಡಿಗೆ ಬರುತ್ತೆ. ಕೆಲಸ ಬಿಟ್ಟು ಬಂದ್ಬುಡ್ತೀನಿ.'

ಬಂದಿದ್ದು ಪೆಟ್ಟಿಗೆಯಲ್ಲಿ.

ದಾಕ್ಷಾಯಣಮ್ಮ ಕಾರ್ಡಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ದೇವರ ಮನೆಯಲ್ಲಿಟ್ಟರು. ಮಗ ಕೊಂಡ ಮನೆಯಲ್ಲಿ ಅವರ ಕೈಗೆ ಸಿಕ್ಕಿದ್ದು ಅದೊಂದೇ!

ಯೋಗೇಂದ್ರ ದುಬೈ ಬಿಟ್ಟು ಬಂದಿದ್ದ. ಸಿದ್ಧಾರ್ಥನಗರದಲ್ಲಿ ಬಾಡಿಗೆ ಮನೆ ಮಾಡಿದ್ದ. ಮೃತ್ಯುಂಜಯನ ಪಾಲನ್ನು ಅವಳ ಹೆಸರಿಗೆ ಮಾಡಿಸಲು ಕಾಗದಪತ್ರಗಳು ಬೇಕಿದ್ದವು. ಅದಕ್ಕೆಂದು ಲಕ್ಷ್ಮೀಪುರಂನ ಇವರ ಮನೆಗೆ ಮತ್ತೆ ಮತ್ತೆ ಬಂದ. ಪರದೇಶದ ಕಾನೂನನ್ನು ಬೇಸರವಿಲ್ಲದೆ ಬಿಡಿಸಿ ಹೇಳಿದ. ಅತ್ತೆಯ ಮೊಣಕಾಲು ನೋವಿಗೆ ಎಣ್ಣೆ ತಂದ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ.

ಕಾಲೇಜಿನ ಕೆಲಸ ಮುಗಿಸಿ ಬಂದವಳೇ ಧನುಶ್ರೀ ಗೇಟಿನ ಸದ್ದಿಗೆ ಕಿವಿ ಕೊಡತೊಡಗಿದಳು. ಫಿಲ್ಟರಿಗೆ ಒಂದು ಚಮಚ ಪುಡಿ ಹೆಚ್ಚು ಬೀಳತೊಡಗಿತು.

ಛೇ... ನನಗೇನಾಗಿದೆ?

ಫ್ಲಾಟಿನ ವ್ಯವಹಾರ ಬೇಗ ಮುಗಿಸಿಬಿಡಬೇಕು ಅನ್ನಿಸಿತು.

"ನನ್ನ ಪಾಲು ನೀವೇ ತಗೊಂಡ್ಬಿಡಿ," ಅಂದಳು ಒಂದು ದಿನ.

ಅವನ ಮುಖ ಬಿಳಿಚಿತು. "ಯಾರಿಗೆ ಬೇಕಾದ್ರೂ ಮಾರಿ. ನಾನು ಮಾತ್ರ ತಗೊಳಲ್ಲ."

"ಯಾಕೆ?"

ಅವನು ಕಾಫಿ ಮುಟ್ಟದೆ ಎದ್ದು ಹೋದ. ಇತ್ತೀಚೆಗೆ ಅವನು 'ಅತ್ತಿಗೆ' ಅನ್ನುವುದನ್ನೂ ಬಿಟ್ಟಿದ್ದಾನೆ ಎಂಬುದು ಅವಳಿಗೆ ಆಗ ಹೊಳೆಯಿತು.

ಅದು ಆಷಾಢದ ಶುಕ್ರವಾರ. ಅಕ್ಕಪಕ್ಕದವರೆಲ್ಲ ದೇವಿಯ ದರ್ಶನಕ್ಕೆ ಬೆಟ್ಟಕ್ಕೆ ಹೋಗಿದ್ದರಿಂದ ಬೀದಿ ಖಾಲಿಯಾಗಿತ್ತು. ಯೋಗೇಂದ್ರ ಜಗಲಿಯ ಮೆಟ್ಟಿಲ ಮೇಲೆ ನಿಂತು, ದುಬೈನಲ್ಲಿದ್ದ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಕಾಫಿ ಹಿಡಿದು ಬಂದ ಧನುಶ್ರೀ ಬಾಗಿಲ ಹಿಂದೆ ನಿಂತಳು.

"ಅವಸರ ಮಾಡ್ಬೇಡ ಕಣೋ ಬೀರೇಶ. ಆಷಾಢ ಕಳೀಲಿ, ಮನೆ ತುಂಬಿಸ್ಕೊಂಡ್ಬುಡೋಣ. ಅಮ್ಮನೂ ಅದನ್ನೇ ಹೇಳಿದ್ರು... ಹೂಂ ಕಣೋ, ಆ ಫ್ಲಾಟಿಗೇ. ಧನುಶ್ರೀ ಅವರಿಗೆ ನಾನೇ ಹೇಳ್ತೀನಿ ಬುಡು."

ಲೋಟದ ಕಾಫಿ ತುಳುಕಿ ಬೆರಳು ಸುಟ್ಟಿತು.

ಮನೆ ತುಂಬಿಸಿಕೊಳ್ಳುವುದು... ಮದುವೆ! ಅವನ ತಾಯಿಯೂ ಒಪ್ಪಿದ್ದಾರೆ. ಹೊಸ ಹೆಂಡತಿ, ಹೊಸ ಮನೆ. ಮೃತ್ಯುಂಜಯ ನೋಡದೇ ಹೋದ ಮನೆ!

ಮದುವೆಯಾದರೆ ತಪ್ಪೇನು? ಏನೂ ಇಲ್ಲ. ಹಾಗಾದರೆ ನನಗೇಕೆ ಉರಿಯುತ್ತಿದೆ? ಅವಳನ್ನು ಹೆದರಿಸಿದ್ದು ಈ ಎರಡನೆಯ ಪ್ರಶ್ನೆಯೇ.

ಲೋಟ ಅಲ್ಲೇ ಇಟ್ಟು, ದೇವರ ಮನೆಗೆ ಹೋಗಿ ಕಾರ್ಡು ತಂದು ಅವನ ಮುಂದೆ ಹಿಡಿದಳು.

"ತಗೊಳ್ಳಿ. ಬರೋಳ ಕೈಗೆ ಕೊಡಿ. ನನ್ನ ಪಾಲು ಯಾರಿಗಾದ್ರೂ ಮಾರ್ತೀನಿ. ಇನ್ಮೇಲೆ ನೀವು ಇಲ್ಲಿಗೆ ಬರೋ ಅಗತ್ಯ ಇಲ್ಲ."

"ಬರೋಳಾ...? ಯಾರು?"

"ಆಷಾಢ ಕಳೆದ ಮೇಲೆ ಮನೆ ತುಂಬಿಸ್ಕೊಳ್ತೀರಲ್ಲ... ಅವಳು!"

ಯೋಗೇಂದ್ರ ಕಣ್ಣು ಬಿಟ್ಟುಕೊಂಡು ನೋಡಿದ.

"ಅಯ್ಯೋ! ಬಾಡಿಗೆಗೆ ಬರೋರು ಕಣ್ರೀ! ಗಂಡ ಹೆಂಡತಿ, ಮನಿಲಾದವರು, ಇಬ್ರೂ ನರ್ಸು. ನಿಮ್ಮತ್ತೇನೇ, 'ಆಷಾಢದಲ್ಲಿ ಹೊಸ ಮನೆಗೆ ಯಾರನ್ನೂ ಬಿಡ್ಬೇಡಪ್ಪ' ಅಂದ್ರು. ಅದಕ್ಕೇ ನಿಲ್ಲಿಸಿದೀನಿ. ಆಷಾಢ ಅಂದ್ರೇನು ಅಂತ ಅವರಿಗೆ ಇಂಗ್ಲಿಷಲ್ಲಿ ಹೇಳಿ ಹೇಳಿ ಬೀರೇಶ ಸೋತೋಗಿದಾನೆ!"

ಧನುಶ್ರೀಗೆ ನಗು ಬಂತು. ತಡೆಯಲಾಗದ ನಗು. ನಗುತ್ತಾ ನಗುತ್ತಾ ಉಸಿರು ಕಟ್ಟಿತು... ಅಂದು ಪೆಟ್ಟಿಗೆ ಇಳಿಸಿದಾಗಲೂ ಬಾರದ ಅಳು, ಬಿಕ್ಕಿ ಬಿಕ್ಕಿ ಹೊರಗೆ ಬಂತು.

ಅವನು ಮುಟ್ಟಲಿಲ್ಲ. ಸಮಾಧಾನ ಹೇಳಲಿಲ್ಲ. ಅವಳು ಕುಸಿದು ಕೂತ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಕೆಳಗೆ ಸುಮ್ಮನೆ ಕೂತ.

ಬಹಳ ಹೊತ್ತಿನ ಮೇಲೆ ಅವಳೇ ಕೇಳಿದಳು. "ನನ್ನ ಪಾಲು ಯಾಕೆ ಬೇಡ ಅಂದ್ರಿ?"

"ತಗೊಂಡ್ಬಿಟ್ರೆ ಇಲ್ಲಿಗೆ ಬರೋಕೆ ನೆಪಾನೇ ಇರ್ತಿರಲಿಲ್ಲ."

"ನೆಪ ಯಾಕೆ ಬೇಕಿತ್ತು?"

"ನಿಜ ಹೇಳೋ ಧೈರ್ಯ ಇರಲಿಲ್ಲ. ಗೆಳೆಯ ಸತ್ತ, ಅರ್ಧ ಮನೆ ಇವನದಾಗಿತ್ತು, ಇನ್ನರ್ಧಕ್ಕೆ ಅವನ ಹೆಂಡ್ತೀನೇ ಬಲೆಗೆ ಹಾಕ್ಕೊಂಡ... ಅಂತಾರೆ ಜನ. ಅನ್ಲಿ. ನೀವೇ ಒಂದಿನ ಹಾಗೆ ಅಂದ್ಕೊಂಡ್ರೆ? ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

"ಅತ್ತಿಗೆ ಅನ್ನೋದು ಯಾಕೆ ಬಿಟ್ರಿ?"

"ನಾಲಿಗೆ ಏಳಲಿಲ್ಲ."

ಒಳಗಿಂದ ದಾಕ್ಷಾಯಣಮ್ಮನ ದನಿ. "ಬೀಗದ ಕೈ ಎಲ್ಲೋಯ್ತು ಕಣಮ್ಮ, ದೇವರ ಹತ್ರ ಕಾಣಿಸ್ತಿಲ್ಲ?"

"ನನ್ನ ಹತ್ರ ಇದೆ ಅತ್ತೆ."

"ಇರ್ಲಿ ಬುಡು. ಆ ಹುಡುಗ ಇವತ್ತೂ ಕಾಫಿ ಕುಡೀದೆ ಎದ್ದೋದ್ರೆ, ನಾಳೆಯಿಂದ ಚಿಲಕ ತೆಗೆಯಲ್ಲ ಅಂತ ಹೇಳು!"

ಧನುಶ್ರೀ ಕಣ್ಣೊರೆಸಿಕೊಂಡಳು.

"ನನ್ನ ಪಾಲು ಮಾರಲ್ಲ. ನಿಮಗೂ ಮಾರಲ್ಲ, ಬರೆದೂ ಕೊಡಲ್ಲ. ಕೊನೇವರೆಗೂ ನನ್ನ ಹೆಸರಲ್ಲೇ ಇರುತ್ತೆ."

"ನನಗೂ ಅದೇ ಬೇಕಾಗಿರೋದು."

"ಹಾಗಿದ್ರೆ ಜನ ಅನ್ನೋ ಹಾಗೆ ನಾನು ಯಾವತ್ತೂ ಅಂದ್ಕೊಳ್ಳಲ್ಲ."

ಅವನು ಥಟ್ಟನೆ ತಲೆಯೆತ್ತಿದ. ಅವಳು ಬೇರೆ ಕಡೆ ನೋಡಿದಳು.

"ಅವರನ್ನ ಮರೆಯೋಕೆ ನನಗಾಗಲ್ಲ."

"ಮರೀಬೇಡಿ. ನಾನೂ ಮರೆತಿಲ್ಲ."

ಕಾರ್ಡಿನ ವಿಭೂತಿ ಅವಳ ಬೆರಳಿಗೆ ಅಂಟಿತ್ತು.

"ಸಿದ್ಧಾರ್ಥನಗರದ ಮನೇಲಿ ಏನೇನಿದೆ?"

"ಒಂದು ಚಾಪೆ. ಒಂದು ಸ್ಟೌ."

"ಅಷ್ಟೇನಾ?"

"ಅಷ್ಟೇ. ಮಿಕ್ಕಿದ್ದೆಲ್ಲ ಖಾಲಿ."

"ಆಷಾಢ ಕಳೀಲಿ..." ಅಂದಳು ಮೆಲ್ಲಗೆ.

"ಈ ಆಷಾಢನಾ?"

"ಗೊತ್ತಿಲ್ಲ."

"ಯಾವುದಾದ್ರೂ ಸರಿ. ಕಾಯ್ತೀನಿ, ಧನುಶ್ರೀ."

ಹೆಸರಿನ ಜೊತೆ 'ಅವರೇ' ಇರಲಿಲ್ಲ. ಅವಳು ತಿದ್ದಲಿಲ್ಲ.

"ಕಾಫಿ ಆರೋಯ್ತು. ಬಿಸಿ ಮಾಡ್ಕೊಂಡು ಬರ್ಲಾ?"

"ಬೇಡ. ಇಲ್ಲೇ ಕೂತ್ಕೊ."